ಅತ್ತರು ತೊಳೆದ ಮಧ್ಯಾಹ್ನ

ಪಕ್ಕದ ಮನೆಯ ಚಾಚಾನ ಕಿವಿಯ ಮಡಿಕೆಯಲ್ಲಿ ಕಡಲೆಕಾಳಿನಷ್ಟು ಒಂದು ಹತ್ತಿಯ ಉಂಡೆ, ಅತ್ತರು ಕುಡಿದು ಕುಡಿದು ಹಳದಿಗೆ ತಿರುಗಿದ್ದು. ಯಾವ ಕಿವಿ ಎಂದು ಕೇಳಿದರೆ ಎಡಗಿವಿ ಎನ್ನುತ್ತೇನೆ. ಆದರೆ ಹೋದ ತಿಂಗಳು ಚಾಚಿ ತೋರಿಸಿದ ಹಳೆಯ ಫೋಟೋದಲ್ಲಿ ಅದು ಬಲಗಿವಿಯಲ್ಲಿದೆ. ಫೋಟೋ ತಿರುವುಮುರುವಾಗಿ ಅಚ್ಚಾಗಿರಬಹುದೇ ಎಂದು ಹಿಂದೆ ಮುಂದೆ ತಿರುಗಿಸಿ ನೋಡಿದೆ. ತನ್ನ ನೆನಪನ್ನು ಉಳಿಸಿಕೊಳ್ಳಲು ಮನಸ್ಸು ಎಂಥ ವಕಾಲತ್ತು ವಹಿಸುತ್ತದೆ! ಆದ್ದರಿಂದ ಮೊದಲೇ ಹೇಳಿಬಿಡುವುದು ಒಳ್ಳೆಯದು: ಮುಂದೆ ಬರೆಯುವುದರಲ್ಲಿ ಕೆಲವು ತಪ್ಪಿರಬಹುದು. ಯಾವುವು ಎಂದು ಗೊತ್ತಿದ್ದರೆ ತಿದ್ದುತ್ತಿದ್ದೆ.

ತಾವರಗೇರಾದಲ್ಲಿ ಚಿಗವ್ವನ ಮನೆಗೂ ಚಾಚಾನ ಮನೆಗೂ ನಡುವೆ ಇದ್ದದ್ದು ಎದೆಮಟ್ಟದ ಒಂದು ಗೋಡೆ. ಆಚೆ ಅವರ ಕುದುರೆಗಳು, ಈಚೆ ನಮ್ಮ ಬಚ್ಚಲು. ಕುಷ್ಟಗಿ, ಯಲಬುರ್ಗಾ, ಗಂಗಾವತಿ, ಎಲ್ಲಿಯೇ ಮದುವೆಯಾಗಲಿ, ಮದುಮಗನನ್ನು ಮೆರೆಸಲು ಅವರ ಕುದುರೆ ಹೋಗುತ್ತಿತ್ತು. ಬೆನ್ನಿಗೆ ಜರಿಯ ಜೂಲು, ಹಣೆಗೆ ಕನ್ನಡಿಯ ಪಟ್ಟಿ, ಕೊನೆಗೆ ಕತ್ತಿನ ಮೇಲಿನ ಅಯಾಲಿಗೆ ಒಂದಿಷ್ಟು ಅತ್ತರು. ಕುದುರೆಗೆ ಹಚ್ಚಿ ಉಳಿದದ್ದು ಅವರ ಕಿವಿಯ ಹತ್ತಿಗೆ. ಹೀಗಾಗಿ ಚಾಚಾ ಬರುವ ಮೊದಲು ಅವರ ವಾಸನೆ ಬರುತ್ತಿತ್ತು. ಅವರು ಹೋದ ಮೇಲೂ ನಮ್ಮ ಪಡಸಾಲೆಯಲ್ಲಿ ಒಂದಷ್ಟು ಹೊತ್ತು ಯಾರೋ ನಿಂತಿದ್ದಾರೆ ಅನ್ನಿಸುತ್ತಿತ್ತು.

ನಿಂತಿದ್ದಾರೆ ಎಂದೇ ಬರೆಯಬೇಕು. ಅವರು ಕುಳಿತದ್ದನ್ನು ನಾನು ನೋಡಿಲ್ಲ. ಚಹಾ ನಿಂತೇ, ಊಟ ಅಂಗಳದಲ್ಲಿ ಅಡ್ಡಾಡುತ್ತಲೇ. ಮಾತಿನ ನಡುವೆ ಎದ್ದು ಹೋಗುವವರನ್ನು ಕಂಡಿದ್ದೇನೆ. ಇವರು ಏಳುವ ಪ್ರಶ್ನೆಯೇ ಇರಲಿಲ್ಲ, ನಡೆದುಬಿಡುತ್ತಿದ್ದರು. ಉಳಿದ ಅರ್ಧ ಮಾತು ಸಂಜೆಗೋ ಮರುದಿನಕ್ಕೋ ಬರುತ್ತಿತ್ತು. "ಕುದುರಿಗೋಳ ಜೊತಿ ಇದ್ದು ಇದ್ದು ಇವರಿಗೂ ಕಾಲ ಬದಲ್ಸೂ ಚಟ ಆಗೈತಿ ನೋಡು," ಎಂದು ಚಾಚಿ ಅನ್ನುತ್ತಿದ್ದರು. ನನಗೂ ಒಂದೆಡೆ ಕೂತು ಬರೆಯಲು ಆಗುವುದಿಲ್ಲ. ಇದನ್ನು ಬರೆಯುವಾಗಲೇ ಎಷ್ಟೋ ಸಲ ಎದ್ದು ಕಿಟಕಿಯವರೆಗೆ ಹೋಗಿ ಬಂದಿದ್ದೇನೆ. ಅದನ್ನು ಅವರಿಂದ ಕಲಿತೆನೋ, ಅವರಲ್ಲಿ ನನ್ನನ್ನೇ ಕಂಡು ಹಾಗೆ ನೆನಪಿಟ್ಟುಕೊಂಡೆನೋ ತಿಳಿಯದು.

ನಾನು ತಾವರಗೇರಾದವಳಲ್ಲ. ಅವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಅಪ್ಪನಿಗೆ ಗಿಣಿಗೇರಾದ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಅವ್ವನ ತಂಗಿ, ಈ ಚಿಗವ್ವನ ಮನೆಯಲ್ಲಿ ನನ್ನನ್ನು ಬಿಟ್ಟು ಹೋದರು. ಆ ದಿನಗಳ ಬಗ್ಗೆ ನನಗೆ ಗೊತ್ತಿರುವುದೆಲ್ಲ ಚಿಗವ್ವ ಹೇಳಿದ್ದು, ಮತ್ತು ಅವಳು ಹೇಳುವುದು ಯಾವಾಗಲೂ ಅದೇ: "ಭಾಳ ಹಟಮಾರಿ ಇದ್ದಿ ನೀ. ನನ್ನ ಕೈಯಾಗಿನ ತುತ್ತು ಒಲ್ಲೆ ಅಂತಿದ್ದಿ. ಎತ್ತಿಕೊಂಡ್ರ ಊರು ಕೇಳೂ ಹಂಗ ಚೀರತಿದ್ದಿ." ನಾನು ಈ ಮಾತನ್ನು ಉಂಡು ಬೆಳೆದೆ. ಒಲ್ಲೆ ಅಂದವಳು ನಾನು, ತಾಳಿಕೊಂಡವಳು ಅವಳು. ಶಾಲೆಯಲ್ಲಿ ಯಾರ ಜೊತೆ ಜಗಳವಾದರೂ, ಕಾಲೇಜಿನಲ್ಲಿ ಗೆಳತಿಯೊಬ್ಬಳು ದೂರವಾದರೂ ತಪ್ಪು ನನ್ನಲ್ಲೇ ಇರಬೇಕು ಎಂದುಕೊಳ್ಳುತ್ತಿದ್ದೆ. ಹುಟ್ಟಿನಿಂದಲೇ ಒಲ್ಲೆ ಅನ್ನುವ ಹುಡುಗಿಯಲ್ಲವೇ.

ನಾನು ಬರುವುದಕ್ಕೆ ಸ್ವಲ್ಪ ಮೊದಲು ಚಿಗವ್ವನಿಗೆ ಒಂದು ಕೂಸು ಹುಟ್ಟಿ, ಉಳಿಯದೆ ಹೋಗಿತ್ತು. ಇದು ನಮ್ಮ ಮನೆಯಲ್ಲಿ ಯಾರೂ ಆಡುವ ಮಾತಲ್ಲ. ಗೋಡೆಯಾಚೆಯಿಂದ ಚಾಚಿ ಒಮ್ಮೆ ಬಾಯಿ ತಪ್ಪಿ ಹೇಳಿದ್ದರಿಂದ ಗೊತ್ತು.

ಚಾಚಾನ ಇನ್ನೊಂದು ಚಟವೆಂದರೆ ಕುದುರೆಯಂತೆ ಮೇಲ್ದುಟಿ ಎತ್ತುವುದು. ಹೊಸ ಹುಲ್ಲು ಬಂದಿರಲಿ, ಚಿಗವ್ವ ಕಳಿಸಿದ ಸಾರಿರಲಿ, ಮೊದಲು ಮೂಸಿ, ಗದ್ದ ಮೇಲಕ್ಕೆತ್ತಿ, ಮೀಸೆ ಮೂಗಿಗೆ ತಾಗುವಂತೆ ತುಟಿ ಮಡಚಿ ಒಂದು ಗಳಿಗೆ ಸುಮ್ಮನಿರುವರು. ನಾವು ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು. ಕುದುರೆಯೇ ಹಾಗೆ ಮಾಡಿದಾಗಲೂ "ನಗಾಕತ್ತೈತಿ, ಕುದುರಿ ನಗಾಕತ್ತೈತಿ" ಎಂದು ಕೂಗುತ್ತಿದ್ದೆವು. ಆಗ ಮಾತ್ರ ಅವರಿಗೆ ಸಿಟ್ಟು ಬರುತ್ತಿತ್ತು.

"ನಗೂದಲ್ಲ ಅದು. ವಿಚಾರ್ಸಾಕತ್ತೈತಿ. ಯಾರ ಬಂದಿದ್ರು, ಯಾರ ಹೋದ್ರು, ನಮ್ಮವರೋ ಮಂದಿಯೋ ಅಂತ ವಿಚಾರ್ಸಾಕತ್ತೈತಿ."

ಮೊದಲು ಅವರ ಹತ್ತಿರ ಒಂದು ಗಂಡುಕುದುರೆಯಿತ್ತು. ಅದನ್ನು ಮಾರಿದ್ದು ಯಲಬುರ್ಗಾದ ಒಂದು ಮದುವೆ ಮುಗಿದ ಮೇಲೆ. ಆ ಮೆರವಣಿಗೆಯಲ್ಲಿ ನಾನಿರಲಿಲ್ಲ. ಆದರೆ ಅವರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೆಂದರೆ ಬ್ಯಾಂಡಿನವರ ಕೆಂಪು ಅಂಗಿ ಕೂಡ ನನಗೆ ಕಾಣುತ್ತದೆ. ಮದುಮಗ ಮೇಲೆ ಕೂತಿದ್ದಾನೆ. ನಡುರಸ್ತೆಯಲ್ಲಿ ಕುದುರೆ ನಿಂತು, ನೆಲ ಮೂಸಿ, ಕತ್ತು ಚಾಚಿ, ತುಟಿ ಮೇಲೆತ್ತಿ ಹಲ್ಲು ಬಿಟ್ಟಿತಂತೆ. ಹಿಡಿದೆಳೆದರೂ ಹೆಜ್ಜೆ ಕೀಳಲಿಲ್ಲ. ಬ್ಯಾಂಡಿನವರು ಅದೇ ಹಾಡನ್ನು ಮತ್ತೆ ಮತ್ತೆ ಬಾರಿಸಿದರು. ಮದುಮಗನ ಸೋದರಮಾವ ಮುಂದೆ ಬಂದ.

"ಏನೋ ಸಾಬ, ನಿನ್ನ ಕುದುರಿ ಹಲ್ಲು ನೋಡಾಕ ಕರಿಸೀವೇನು ನಾವು?"

"ಸಿಟ್ಟಾಗಬ್ಯಾಡ್ರಿ ಸಾವ್ಕಾರ್ರ. ಮುಂಜಾನಿ ಇಲ್ಲೊಂದು ಹೆಣ್ಣು ಕುದುರಿ ಹೋಗಿರಬೇಕು. ಅದರ ಸುದ್ದಿ ಕೇಳಾಕತ್ತಾನ. ಅರ್ಧಕ್ಕ ಬಿಡಿಸಿದ್ರ ಒದೀತಾನ."

"ಹಂಗಾರ ಇವತ್ತ ಮದಿಮಗ ಯಾರಲೇ, ನಮ್ಮ ಹುಡುಗನೋ ಇವನೋ?"

ಮಂದಿಯೆಲ್ಲ ನಕ್ಕರು, ಮದುಮಗನೊಬ್ಬನನ್ನು ಬಿಟ್ಟು. ಆಮೇಲೆ ಚಾಚಾ ಬರೀ ಹೆಣ್ಣುಕುದುರೆ ಸಾಕಿದರು. ಕೊನೆಯವರೆಗೂ ಉಳಿದದ್ದು ಚಾಂದನಿ ಎಂಬ ಬಿಳಿಯ ಕುದುರೆ.

ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ಗ್ರಂಥಾಲಯದಲ್ಲಿ ಪರೀಕ್ಷೆಗೆ ಓದುವುದನ್ನು ಬಿಟ್ಟು ಒಂದು ದಿನ ಈ ತುಟಿಯ ವಿಷಯ ಹುಡುಕಿದೆ. ಕುದುರೆಗೆ ಸಾಮಾನ್ಯ ವಾಸನೆ ಹಿಡಿಯುವ ಮೂಗಿನ ಜೊತೆಗೆ ಇನ್ನೊಂದು ಏರ್ಪಾಡು ಇದೆಯಂತೆ: ಮೂಗಿನೊಳಗೆ, ತಳದಲ್ಲಿ, ಎರಡು ಪುಟ್ಟ ಕೊಳವೆಗಳು. ಬೇರೆ ಕುದುರೆಯ ಮೂತ್ರದಿಂದ, ಮೈಯಿಂದ, ಹೆರಿಗೆಯ ನೀರಿನಿಂದ ಬರುವ ಫೆರೊಮೋನ್ ಎಂಬ ಸೂಕ್ಷ್ಮ ಸಂಕೇತಗಳು ಸೇರುವುದು ಅಲ್ಲಿಗೆ. ತಲೆ ಎತ್ತಿ ಮೇಲ್ದುಟಿ ಮಡಚಿದಾಗ ಹೊಳ್ಳೆಗಳು ಮುಚ್ಚಿದಂತಾಗಿ, ಒಳಗೆ ಬಂದದ್ದು ಹೊರಗೆ ಹೋಗದೆ ಆ ಕೊಳವೆಗಳಿಗೆ ಏರುತ್ತದೆ. ಕುದುರೆ ಅದರಿಂದ ಎದುರಿನದು ಹೆಣ್ಣೋ ಗಂಡೋ, ಬೆದೆಗೆ ಬಂದಿದೆಯೋ ಇಲ್ಲವೋ ಎಂಬುದನ್ನೆಲ್ಲ ತಿಳಿಯುತ್ತದೆ. ಮನುಷ್ಯರಲ್ಲಿ ಅಂಥದ್ದು ಕೆಲಸ ಮಾಡುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ ಎಂದೂ ಇತ್ತು. ಆ ಸಾಲು ನನಗೆ ಯಾಕೋ ಹಿಡಿಸಲಿಲ್ಲ.

ರಜೆಗೆ ಬಂದಾಗ ಚಾಚಾಗೆ ಹೇಳಿದೆ. ಅವರದು ಬೇರೆಯೇ ಸಿದ್ಧಾಂತವಿತ್ತು: ಕುದುರೆ ಹಲ್ಲಿಗೆ ಗಾಳಿ ತಾಗಿಸುತ್ತದೆ, ವಾಸನೆ ಹಲ್ಲಿನ ಬೇರಿನಿಂದ ಸೀದಾ ಎದೆಗೆ, ಕಲೇಜಾಕ್ಕೆ, ಇಳಿಯುತ್ತದೆ.

"ಹಲ್ಲಿಗೂ ಅದಕ್ಕೂ ಸಂಬಂಧ ಇಲ್ಲ ಚಾಚಾ. ಎಲ್ಲಾ ಮೂಗಿನಾಗ ಐತಿ."

"ಪುಸ್ತಕ ಬರದಾಂವ ಒದಿಸ್ಕೊಂಡಾನೇನು ಕುದುರಿ ಕೈಲೆ?"

"ಒದಿಸ್ಕೊಂಡ್ರ ಖರೇ ಆಗತೈತೇನು?"

"ನೆಪ್ಪ ಉಳೀತೈತಿ ಬೇಟಿ," ಎಂದು ಅತ್ತ ನಡೆದರು.

ಮರುದಿನ ಅಂಗಡಿಯ ಮುಂದೆ ನಾಲ್ಕು ಜನರಿಗೆ ಅವರು ಕೈ ಆಡಿಸುತ್ತಾ ವಿವರಿಸುತ್ತಿದ್ದರು: "ಮೂಗಿನಾಗ ಎರಡು ಕೊಳವಿ ಅದಾವು. ಅವು ಸೀದಾ ಕಲೇಜಾಕ್ಕ ಹೋಗ್ತಾವು."

ಎಂ.ಎ. ಪರೀಕ್ಷೆ ಮುಗಿಸಿ ಊರಿಗೆ ಬಂದ ಬೇಸಿಗೆಯದು ಮುಂದಿನ ಮಾತು. ಚಾಂದನಿ ಮರಿ ಹಾಕಿತು. ಮರಿ ಸತ್ತೇ ಹುಟ್ಟಿತ್ತು. ಚಾಂದನಿ ಗೋಡೆಯ ಉದ್ದಕ್ಕೂ ಹೋಗುವುದು, ತಿರುಗುವುದು, ಮತ್ತೆ ಹೋಗುವುದು. ಕೆಚ್ಚಲು ತುಂಬಿ ಹಾಲು ಕಾಲಿಗೆ ಇಳಿಯುತ್ತಿತ್ತು. ಚಾಚಾ ಅದರ ಹಿಂದೆಯೇ ಅಡ್ಡಾಡುತ್ತಿದ್ದರು.

ಮರುದಿನ ಗಂಗಾವತಿಯಿಂದ ಫೋನ್ ಬಂತು. ಅಲ್ಲಿ ಇವರಂತೆಯೇ ಮದುವೆ ಕುದುರೆ ಇಟ್ಟುಕೊಂಡವರೊಬ್ಬರ ಕುದುರೆ ಮರಿ ಹಾಕಿ, ಅದಕ್ಕೆ ಗಿಣ್ಣದ ಹಾಲು ಕುಡಿಸಿದ ಮೇಲೆ ತಾನು ಹೊಟ್ಟೆ ಉಬ್ಬರಿಸಿ ಸತ್ತಿತ್ತು. ಮರಿ ಆಡಿನ ಹಾಲು ಒಲ್ಲದು. ಮಧ್ಯಾಹ್ನದ ಹೊತ್ತಿಗೆ ಸಣ್ಣ ಟೆಂಪೊದಲ್ಲಿ, ಹುಲ್ಲಿನ ಮೇಲೆ ಮಲಗಿಸಿಕೊಂಡು ತಂದರು. ಬರೀ ಕಾಲು, ಬರೀ ಕಣ್ಣು. ನಿಲ್ಲಿಸಿದರೆ ನಿಲ್ಲುತ್ತಿತ್ತು, ಬಿಟ್ಟರೆ ಕುಸಿಯುತ್ತಿತ್ತು. ಸಂಜೆಯೊಳಗೆ ಚಾಂದನಿಯ ಹಾಲು ಹೊಟ್ಟೆಗೆ ಹೋಗದಿದ್ದರೆ ಉಳಿಯುವುದಿಲ್ಲ ಎಂದು ತಂದವರೇ ಹೇಳಿದರು.

ಚಾಚಾ ಹಿಗ್ಗಿನಿಂದ ಅತ್ತರಿನ ಶೀಶೆ ತಂದರು. "ಇಬ್ಬರಿಗೂ ಒಂದ ವಾಸನಿ ಹಚ್ಚಿಬಿಟ್ರ ಒಂದ ಮನಿಯವರಾಗ್ತಾರ. ಮೂಗಿಗೆ ಬ್ಯಾರೆ ಏನೂ ಸಿಗಬಾರದು." ಚಾಂದನಿಯ ಹೊಳ್ಳೆಗೆ ಸವರಿದರು, ಮರಿಯ ಬೆನ್ನಿಗೆ, ಹಣೆಗೆ ಸುರಿದರು. ಅಂಗಳವೆಲ್ಲ ಮದುವೆ ಮನೆಯಾಯಿತು. ಮರಿಯನ್ನು ಕೆಚ್ಚಲ ಕಡೆ ದೂಡಿದರು.

ಚಾಂದನಿ ಒಮ್ಮೆ ಮೂಸಿತು. ಕಿವಿ ನೆಟ್ಟಗಾದವು. ಕತ್ತು ಬಿಲ್ಲಿನಂತೆ ಬಾಗಿತು. ಮುಂಗಾಲು ಎತ್ತಿತು, ಇಟ್ಟಿತು, ಇನ್ನೊಂದು ಕಾಲು ಎತ್ತಿತು. ನಾವು ಏನಾಗುತ್ತಿದೆ ಎಂದು ತಿಳಿಯುವಷ್ಟರಲ್ಲಿ ಅದು ಕುಣಿಯತೊಡಗಿತ್ತು. ಬ್ಯಾಂಡಿನ ಮುಂದೆ ಕುಣಿಯುವಂತೆ, ಚಾಚಾ ವರ್ಷಗಟ್ಟಲೆ ಕಲಿಸಿದಂತೆ, ನಿಂತ ಜಾಗದಲ್ಲೇ, ಕಾಲಿನ ನಡುವೆ ಒಂದು ದಿನದ ಮರಿಯನ್ನು ಇಟ್ಟುಕೊಂಡು. ಒಂದು ಗೊರಸು ಮರಿಯ ಪಕ್ಕೆಗೆ ಸವರಿಹೋಯಿತು.

"ಎಳೀರಿ, ಮರಿ ಎಳೀರಿ!" ಚಾಚಿ ಚೀರಿದರು. "ಅತ್ತರ ಹಚ್ಚಿದ್ರ ಆಕಿ ಇನ್ನೇನ್ ಮಾಡ್ಯಾಳು? ಮದಿವಿಗೆ ಹೊಂಟಾಳ ಆಕಿ!"

ಮರಿಯನ್ನು ಎಳೆದುಕೊಂಡೆವು. ಚಾಚಾ ಶೀಶೆ ಹಿಡಿದು ನಿಂತೇ ಇದ್ದರು. ಯಾವಾಗಲೂ ಅಡ್ಡಾಡುವ ಮನುಷ್ಯ ಹೀಗೆ ನಿಂತುಬಿಟ್ಟದ್ದು ಕುದುರೆ ಕುಣಿದದ್ದಕ್ಕಿಂತ ಹೆಚ್ಚು ಹೆದರಿಸಿತು. ಆಮೇಲೆ ಕಿವಿಯ ಹತ್ತಿಯನ್ನು ಕಿತ್ತು ಗೋಡೆಯಾಚೆ ಎಸೆದರು. ನಮ್ಮ ಬಚ್ಚಲ ಕಡೆಗೆ, ಅದು ಮಾತ್ರ ನನಗೆ ಚೆನ್ನಾಗಿ ನೆನಪಿದೆ. "ನೀರು ತರ್ರಿ. ಸಾಬಾಣ ಬ್ಯಾಡ, ಬರೀ ನೀರು," ಎಂದರು.

ಕೊಡಗಟ್ಟಲೆ ನೀರು ಸೇದಿ ತಂದೆವು. ಕುದುರೆಯ ಮೂಗು, ಅಯಾಲು, ಮರಿಯ ಮೈ. ಕಡಲೆಹಿಟ್ಟು ಹಚ್ಚಿ ಮತ್ತೆ ನೀರು. ಚಾಚಾ ತಮ್ಮ ಕೈಯನ್ನು ಒಲೆಯ ಬೂದಿಯಲ್ಲಿ ತಿಕ್ಕಿ ತಿಕ್ಕಿ ಕೆಂಪು ಮಾಡಿಕೊಂಡರು. ಅಂಗಿ ಕಳಚಿದರು. ಮೊದಲ ಬಾರಿಗೆ ಅವರ ಹತ್ತಿರ ನಿಂತಾಗ ಏನೂ ವಾಸನೆ ಬರಲಿಲ್ಲ. ಯಾರೋ ಪರಿಚಯವಿಲ್ಲದ ಮುದುಕ.

ಚಾಚಿ ಹಿತ್ತಲಿನಿಂದ ಒಂದು ಗೋಣಿಚೀಲ ತಂದರು. ಸತ್ತ ಮರಿ ಬಿದ್ದದ್ದು ಆ ಚೀಲದ ಮೇಲೆ. ಒಗೆಯಲು ಮನಸ್ಸಾಗದೆ, ಎಸೆಯಲೂ ಆಗದೆ ಮೂಲೆಯಲ್ಲಿ ಇಟ್ಟಿದ್ದರಂತೆ. ಒಣಗಿ ಗಟ್ಟಿಯಾಗಿತ್ತು. ಅದನ್ನು ನೀರು ಚಿಮುಕಿಸಿ ಮೆದು ಮಾಡಿ ಮರಿಯ ಮೈಗೆಲ್ಲ ತಿಕ್ಕಿ, ಬೆನ್ನಿಗೆ ಹೊದಿಸಿ ಕಟ್ಟಿದರು. ಚಾಂದನಿಯ ಹಾಲು ಹಿಂಡಿ ಮರಿಯ ತಲೆಗೆ ಸವರಿದರು.

ಚಾಂದನಿ ಬಂದು ಮೂಸಿತು. ಬಾಲದಿಂದ ತಲೆಯವರೆಗೆ, ಮತ್ತೆ ತಲೆಯಿಂದ ಬಾಲದವರೆಗೆ. ಆಮೇಲೆ ಕತ್ತನ್ನು ಮೇಲಕ್ಕೆ ಚಾಚಿ, ಮೇಲ್ದುಟಿಯನ್ನು ಪೂರ್ತಿ ಮಡಚಿ, ಹಳದಿ ಹಲ್ಲು ತೋರಿಸಿ ಹಾಗೇ ನಿಂತಿತು.

"ಶ್. ಯಾರೂ ಮಾತಾಡಬ್ಯಾಡ್ರಿ," ಎಂದು ಚಾಚಾ ಪಿಸುಗುಟ್ಟಿದರು. "ವಿಚಾರ್ಸಾಕತ್ತಾಳ."

ತುಟಿ ಇಳಿಯಿತು. ಮತ್ತೆ ಮೂಸಿತು. ಮತ್ತೆ ಎತ್ತಿತು. ಅದರ ಮೂಗಿನೊಳಗಿನ ಆ ಎರಡು ಕೊಳವೆಗಳಲ್ಲಿ ಏನು ಏರುತ್ತಿತ್ತೋ, ಸತ್ತದ್ದೋ ಬದುಕಿದ್ದೋ, ಎಂದು ನಾನು ಯೋಚಿಸುತ್ತಿದ್ದೆ. ಅಥವಾ ಈಗ ಬರೆಯುವಾಗ ಹಾಗೆ ಯೋಚಿಸುತ್ತಿದ್ದೇನೆ, ಆಗ ಬರೀ ಹೆದರಿದ್ದೆ.

ಕಾಯುವುದು ತಡೆಯಲಾರದೆ ನಾನೂ ಪಿಸುಗುಟ್ಟಿದೆ: "ಮರಿ ಒಲ್ಲೆ ಅಂದ್ರ, ಚಾಚಾ?"

"ಮರೀದೇನು ಬಿಡು. ಯಾವ ಕೆಚ್ಚಲಾದ್ರೂ ಬಾಯಿ ಹಾಕತೈತಿ. ಒಪ್ಪಬೇಕಾದಾಕಿ ಆಕಿ." ಕಣ್ಣು ಕುದುರೆಯ ತುಟಿಯ ಮೇಲೆಯೇ ಇತ್ತು. "ನೀ ಬಂದಾಗೂ ಹಿಂಗ ಆಗಿತ್ತಲ್ಲ ಬೇಟಿ. ಆವಾಗ ಹಸರ ಸೀರಿ ಹೊದಿಸಿದ್ವಿ."

ಅಷ್ಟರಲ್ಲಿ ಮರಿ ಕೆಚ್ಚಲಿಗೆ ಬಾಯಿ ಹಾಕಿತು. ಚಾಂದನಿ ಒಂದು ಸಲ ಕಿರುಚಿ ಹಿಂಗಾಲು ಎತ್ತಿತು. ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ನಿಧಾನವಾಗಿ ಕಾಲು ಇಳಿಸಿ, ತಲೆ ತಿರುಗಿಸಿ, ಮರಿಯ ಬಾಲದ ಬುಡವನ್ನು ಮೂಸಿತು. ಮರಿ ಹಾಲು ಚೀಪುವ ಸದ್ದು ಅಂಗಳಕ್ಕೆಲ್ಲ ಕೇಳಿತು. ಚಾಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಚಾಚಾ ಆಗಲೇ ಅಡ್ಡಾಡತೊಡಗಿದ್ದರು.

ಆ ಹೊತ್ತಿನಲ್ಲಿ ಚಿಗವ್ವ ಎಲ್ಲಿದ್ದಳು? ಗೋಡೆಯಾಚೆ ನಿಂತು ನೋಡುತ್ತಿದ್ದಳು, ಚಾಚಾನ ಮಾತು ಕೇಳಿ ಒಳಗೆ ಹೋದಳು ಎಂದು ನನ್ನ ನೆನಪು ಹೇಳುತ್ತದೆ. ಗೋಡೆಯ ಮೇಲೆ ಅವಳ ಸೀರೆ ಒಣಹಾಕಿತ್ತು, ಅದನ್ನೇ ಅವಳೆಂದು ನೆನಪಿಟ್ಟುಕೊಂಡಿದ್ದೇನೆಯೇ? ಇದನ್ನು ನಾನು ಎಷ್ಟು ಸಲ ತಿರುವಿ ನೋಡಿದರೂ ಒಮ್ಮೆ ಅವಳು, ಒಮ್ಮೆ ಬರೀ ಸೀರೆ.

ಒಂದು ವಾರದ ಮೇಲೆ ಚಾಚಾನನ್ನು ಅಂಗಳದಲ್ಲಿ ಹಿಡಿದು ಕೇಳಿದೆ, ಅವರ ಜೊತೆ ಹೆಜ್ಜೆ ಹಾಕುತ್ತಾ.

"ಯಾವ ಹಸರ ಸೀರಿ, ಚಾಚಾ?"

"ಹಳೇದು. ಅದನ್ನ ಸುತಿಗೊಂಡ ಮಲಗತಿದ್ದಿ ನೀ, ಭಾಳ ದಿನ."

"ಯಾರದದು?"

"ಹೆಣ್ಮಕ್ಕಳ ಸೀರಿ ಸುದ್ದಿ ನನಗ್ಯಾಕ ಕೇಳತಿ? ಕುದುರಿದು ಕೇಳು, ಹೇಳ್ತೀನಿ. ನಿಮ್ಮ ಚಿಗವ್ವನ್ನ ಕೇಳು."

ಅಷ್ಟು ಹೇಳಿ ಹುಲ್ಲಿನ ಕಡೆ ನಡೆದರು. ಮಾತಿನ ಉಳಿದ ಅರ್ಧ ಸಂಜೆಗೂ ಬರಲಿಲ್ಲ, ಮರುದಿನಕ್ಕೂ ಬರಲಿಲ್ಲ.

ಅಂದಿನಿಂದ ಆ ಸೀರೆ ನನ್ನನ್ನು ಬಿಟ್ಟಿಲ್ಲ. ಅದು ಅವ್ವನದಾಗಿದ್ದರೆ, ಅವ್ವನ ವಾಸನೆ ಬಯಸಿ ಅಳುತ್ತಿದ್ದ ಹುಡುಗಿಯನ್ನು ಸಮಾಧಾನ ಮಾಡಲು ಹೊದಿಸಿದ್ದು. ಆಗ ಚಿಗವ್ವ ಹೇಳುವುದು ನಿಜ. ಒಲ್ಲೆ ಅಂದವಳು ನಾನು. ಆದರೆ ಅದು ಹೋದ ಕೂಸಿಗಾಗಿ ಇಟ್ಟ ಸೀರೆಯಾಗಿದ್ದರೆ? ತೊಟ್ಟಿಲಿಗೆ ಕಟ್ಟಿ, ಬಿಚ್ಚಿ, ಒಗೆಯದೆ ಮಡಚಿಟ್ಟದ್ದಾಗಿದ್ದರೆ? ಆಗ ನನಗೆ ಹೊದಿಸಿದ್ದು ಗೋಣಿಚೀಲ. ಒಪ್ಪಬೇಕಾಗಿದ್ದವಳು ನಾನಲ್ಲ. ಚಿಗವ್ವ ನನ್ನನ್ನು ಒಲ್ಲೆ ಅಂದಿದ್ದಳು, ಆಮೇಲೆ ಒಪ್ಪಿದಳು. ಅದರಿಂದ ಅವಳ ಮೇಲಿನ ನನ್ನ ಪ್ರೀತಿ ಕಡಿಮೆಯಾಗುವುದಿಲ್ಲ, ಹೆಚ್ಚಾಗಲೂಬಹುದು. ಆದರೆ ನಾನು ನನ್ನ ಬಗ್ಗೆ ನಂಬಿಕೊಂಡು ಬಂದದ್ದೆಲ್ಲ ಬದಲಾಗುತ್ತದೆ.

ಆದರೂ ಕೇಳಲಿಲ್ಲ. ಕೊಪ್ಪಳದಲ್ಲಿ ಕೆಲಸ ಸಿಕ್ಕಿತು, ಕಾಲೇಜಿನಲ್ಲಿ ಪಾಠ. ಹಬ್ಬಕ್ಕೆ ಬರುವುದು, ಹೋಗುವುದು. ಹಾಲು ಬಿಡಿಸಿದ ಮೇಲೆ ಮರಿ ಗಂಗಾವತಿಗೆ ಮರಳಿತ್ತು.

ಊರೂರಿಗೂ ಜ್ವರ ಬಂದ ವರ್ಷ ಚಾಚಾಗೂ ಬಂತು. ಜ್ವರ ಹೋಯಿತು, ಜೊತೆಗೆ ವಾಸನೆಯೂ ಹೋಯಿತು. ಬೇರೆಯವರಿಗೆ ಕೆಲವೇ ದಿನಗಳಲ್ಲಿ ಮರಳಿದ್ದು ಅವರಿಗೆ ಮರಳಲಿಲ್ಲ. ಕಿವಿಯಲ್ಲಿ ಹತ್ತಿ ಇದ್ದೇ ಇತ್ತು. ಎಷ್ಟು ಹಾಕಿಕೊಂಡೆ ಎಂದು ತಿಳಿಯದೆ ಸುರಿದುಕೊಂಡು, ಎದುರು ಬಂದವರನ್ನು ಕೇಳುತ್ತಿದ್ದರು: "ವಾಸನಿ ಬರಾಕತ್ತೈತೇನು?" ತಲೆನೋವು ಬರುವಷ್ಟು ಬರುತ್ತಿತ್ತು. "ಸ್ವಲ್ಪ ಬರ್ತೈತಿ ಚಾಚಾ," ಎನ್ನುತ್ತಿದ್ದೆ. ಹುಲ್ಲು ಬೂಷ್ಟು ಹಿಡಿದಿದೆಯೋ ಎಂದು ನೋಡಲು ಅದನ್ನು ಚಾಂದನಿಯ ಮೂಗಿನ ಮುಂದೆ ಹಿಡಿದು ಅದರ ತುಟಿಯನ್ನೇ ದಿಟ್ಟಿಸುತ್ತಿದ್ದರು.

"ಈಗ ಆಕಿ ಮೂಗ ನಂದೂ," ಎಂದು ನಕ್ಕರು ಒಮ್ಮೆ. ಆಮೇಲೆ, ನಡೆಯುತ್ತಲೇ, "ಯಾರ ಬಂದ್ರು, ಯಾರ ಹೋದ್ರು, ಒಂದೂ ತಿಳೀವಲ್ದು ಬೇಟಿ. ಮನ್ಯಾಗ ಇದ್ದೂ ಪರದೇಶಿ ಆಗೀನಿ," ಎಂದರು.

ಹೋದ ತಿಂಗಳು ತೀರಿಕೊಂಡರು. ಮುಂಜಾನೆ ಚಾಂದನಿಗೆ ನೀರು ಇಟ್ಟು, ಅಂಗಳದ ಕಟ್ಟೆಗೆ ಬಂದು ಕುಳಿತರಂತೆ. "ಕುಂತ್ರು," ಎಂದು ಚಾಚಿ ಹೇಳಿದರು. "ಕುಂದ್ರೂ ಮನುಷ್ಯಾ ಅಲ್ಲ. ಆವಾಗ ತಿಳೀಬೇಕಿತ್ತು ನನಗ." ಫೋಟೋ ತೋರಿಸಿದ್ದು ಆಗಲೇ.

ಅಂದು ಸಂಜೆ ಚಿಗವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು, ಚಾಚಿಯ ಮನೆಗೆ ಕೊಡಲು. ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಗೋಡೆಯಾಚೆ ಹೆಜ್ಜೆ ಸಪ್ಪಳವಿಲ್ಲದ ಅಂಗಳ. ಸೀರೆಯ ವಿಷಯ ಬಲ್ಲವರಲ್ಲಿ ಒಬ್ಬರು ಹೋಗಿಯಾಗಿತ್ತು.

"ಚಿಗವ್ವಾ, ನಾ ಬಂದಾಗ ನನಗ ಹೊದಿಸಿದ್ದ ಹಸರ ಸೀರಿ ಅವ್ವಂದಿತ್ತೋ, ಆ ಕೂಸಿಂದಿತ್ತೋ?"

ಅವಳ ಕೈ ನಿಲ್ಲಲಿಲ್ಲ. ರೊಟ್ಟಿ ತಿರುಗುತ್ತಾ ತಿರುಗುತ್ತಾ ದೊಡ್ಡದಾಯಿತು. ಅದನ್ನು ಎತ್ತಿ ಹಂಚಿಗೆ ಹಾಕಿದಳು, ನೀರು ಸವರಿದಳು, ಇನ್ನೊಂದು ಹಿಟ್ಟಿನ ಉಂಡೆ ತೆಗೆದುಕೊಂಡಳು.

"ಕುದುರಿಗೆ ಯಾರರ ನೀರು ಇಟ್ಟಾರೋ ಇಲ್ಲೋ ನೋಡಿ ಬಾ," ಎಂದಳು.

ಹೋದೆ. ನೀರು ಇತ್ತು. ಚಾಂದನಿಗೂ ಈಗ ವಯಸ್ಸಾಗಿದೆ. ಅದು ನನ್ನ ಕೈ ಮೂಸಿ, ಕತ್ತು ಎತ್ತಿ, ಮೇಲ್ದುಟಿ ಮಡಚಿ ನಿಂತಿತು. ಅದರ ವಿಚಾರಣೆ ಮುಗಿಯಲಿ ಎಂದು ನಾನೂ ನಿಂತೆ. ಆಗ ಗಮನಕ್ಕೆ ಬಂತು: ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಮತ್ತೆ ಶುರುವಾಗಲಿ ಎಂದು ಕಾಯುತ್ತಾ ಅಲ್ಲೇ ಇದ್ದೆ. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಗೋಡೆ ದಾಟಿ ಬಂತು.